ಶಕ್ತಿ ಸಂಶೋಧನಾ ಪ್ರಯೋಗಾಲಯದ ಮುಖ್ಯಸ್ಥರು ಏನು ಓದಿದವರು? ಕಾಸರಗೋಡಿನ ಒಂದು ಜಗಲಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಪ್ಲಸ್ ಟು ಫಲಿತಾಂಶ ಬಂದ ಮರುದಿನದಿಂದ ಮಳೆಗಾಲ ಹಿಡಿಯುವವರೆಗೆ ನಮ್ಮ ಮನೆಯ ಮೆಟ್ಟಿಲ ಬಳಿ ಚಪ್ಪಲಿಗಳ ಸಾಲು ತಪ್ಪುವುದಿಲ್ಲ. ಮೊದಲೆಲ್ಲ ವೈದ್ಯಕೀಯವೋ ಎಂಜಿನಿಯರಿಂಗೋ ಎಂಬ ಒಂದೇ ಪ್ರಶ್ನೆ ಇತ್ತು. ಪೈವಳಿಕೆಯ ಗುಡ್ಡದ ಮೇಲೆ ಸೋಲಾರ್ ಫಲಕಗಳು ಬಂದ ಮೇಲೆ ಹೊಸದೊಂದು ಸೇರಿಕೊಂಡಿದೆ: ಬ್ಯಾಟರಿ, ಸೋಲಾರ್, ಹೈಡ್ರೋಜನ್ ಎಂದು ಸಂಶೋಧನೆ ಮಾಡುವ ವಿಶ್ವವಿದ್ಯಾನಿಲಯದ ಪ್ರಯೋಗಾಲಯಗಳಿವೆಯಲ್ಲ, ಅವುಗಳನ್ನು ನಡೆಸುವವರು ಯಾರು, ಅವರು ಅಲ್ಲಿಗೆ ಮುಟ್ಟಿದ ದಾರಿ ಯಾವುದು? ಒಬ್ಬೊಬ್ಬರಿಗೆ ಹೇಳಿ ಗಂಟಲು ಒಣಗಿದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ಮಾಸ್ತರರೇ, ಶಕ್ತಿ ಪ್ರಯೋಗಾಲಯದ ಮುಖ್ಯಸ್ಥರು ಶಕ್ತಿ ವಿಜ್ಞಾನವನ್ನೇ ಓದಿರುತ್ತಾರೆಯೇ?

ಬಹುಮಟ್ಟಿಗೆ ಇಲ್ಲ. ಹೆಸರಾಂತ ಪ್ರಯೋಗಾಲಯಗಳನ್ನು ಕಟ್ಟಿದವರಲ್ಲಿ ಒಬ್ಬರು ನಕ್ಷತ್ರಗಳ ನಡುವಿನ ಅನಿಲವನ್ನು ಓದಿದವರು, ಒಬ್ಬರು ವಿದ್ಯುದ್ರಸಾಯನದವರು (ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ನಂಟಿನ ವಿದ್ಯೆ), ಇನ್ನೊಬ್ಬರು ರಾಕೆಟ್ಟಿನೊಳಗಿನ ಬೆಂಕಿಯನ್ನು ಅಭ್ಯಾಸ ಮಾಡಿದವರು. ಅವರ ವಿದ್ಯಾರ್ಥಿ ದಿನಗಳಲ್ಲಿ ಶಕ್ತಿ ಎಂಬ ಹೆಸರಿನ ವಿಭಾಗವೇ ಇರಲಿಲ್ಲ. ದೆಹಲಿಯ ಐಐಟಿಯಲ್ಲಿ ಶಕ್ತಿ ಅಧ್ಯಯನ ಕೇಂದ್ರ ತೆರೆದದ್ದು 1976ರಲ್ಲಿ. ಅದಕ್ಕಿಂತ ಮೊದಲು ಓದಿದವರು ಬೇರೆ ಯಾವುದೋ ಬಾಗಿಲಿನಿಂದ ಒಳಗೆ ಬರಲೇಬೇಕಿತ್ತು.

ಈಗ ಬಾಗಿಲುಗಳಿವೆ. ಆದರೂ ಇಂದಿನ ಮುಖ್ಯಸ್ಥರ ಪರಿಚಯ ಓದಿ ನೋಡಿ, ಮೊದಲ ಪದವಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಇವುಗಳಲ್ಲೊಂದು ಆಗಿರುತ್ತದೆ. ಮುಂಬಯಿ ಐಐಟಿಯ ಶಕ್ತಿ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗವನ್ನು ಕಟ್ಟಿ, 2022ರಲ್ಲಿ ದೆಹಲಿ ಐಐಟಿಯ ನಿರ್ದೇಶಕರಾದ ರಂಗನ್ ಬ್ಯಾನರ್ಜಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಅದೇ ಸಂಸ್ಥೆಯಲ್ಲಿ 2010ರಲ್ಲಿ ಶುರುವಾದ ಸೌರ ವಿದ್ಯುತ್ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದವರಲ್ಲಿ ಒಬ್ಬರಾದ ಜುಜರ್ ವಾಸಿ ಅದಕ್ಕೆ ಮುಂಚೆ ಕಂಪ್ಯೂಟರ್ ಚಿಪ್‌ಗಳೊಳಗಿನ ಟ್ರಾನ್ಸಿಸ್ಟರುಗಳ ಮೇಲೆ ಕೆಲಸ ಮಾಡಿದವರು. ಸಿಲಿಕಾನ್ ಎಂದರೆ ಸಿಲಿಕಾನೇ ತಾನೇ. ಅದರಿಂದ ಲೆಕ್ಕ ಮಾಡಿಸಬಹುದು, ಬಿಸಿಲಿಗೊಡ್ಡಿ ಕರೆಂಟನ್ನೂ ಪಡೆಯಬಹುದು.

ಬೇರೆ ವಿಷಯದವರು ಇತ್ತ ಕಡೆಗೆ ಹೊರಳಿದ್ದು ಏಕೆ?

ಒಂದು ಇಸವಿಯನ್ನು ನೆನಪಿಡಿ: 1973. ಆ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅದರ ಬಿಸಿ ನಮ್ಮ ರೇಷನ್ ಅಂಗಡಿಯ ಸೀಮೆಎಣ್ಣೆ ಸಾಲಿನವರೆಗೂ ಮುಟ್ಟಿತ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ನಡೆಸುವ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಆಗ ಆರ್ಥರ್ ರೋಸೆನ್‌ಫೆಲ್ಡ್ ಎಂಬ ಕಣಭೌತವಿಜ್ಞಾನಿ ಇದ್ದರು. ಎನ್ರಿಕೊ ಫರ್ಮಿಯ ಕೈಕೆಳಗೆ ಪಿಎಚ್‌ಡಿ ಮಾಡಿದವರು. ನವೆಂಬರಿನ ಒಂದು ಶುಕ್ರವಾರ ರಾತ್ರಿ ಮನೆಗೆ ಹೊರಟಾಗ ಅವರಿಗೆ ಒಂದು ಲೆಕ್ಕ ಹೊಳೆಯಿತು: ತಮ್ಮ ಕೋಣೆಯ ದೀಪಗಳು ಶನಿವಾರ, ಭಾನುವಾರ ಹಾಗೆಯೇ ಉರಿದರೆ ಎಷ್ಟು ತೈಲ ಸುಟ್ಟಂತೆ? ಲೆಕ್ಕ ಮಾಡಿದವರೇ ಆ ಮಹಡಿಯ ಎಲ್ಲ ಕೋಣೆಗಳ ದೀಪ ಆರಿಸಲು ಹೊರಟರು. ಸ್ವಿಚ್ಚುಗಳೇ ಕಾಣಿಸಲಿಲ್ಲ. ಕೆಲವು ಕಡತದ ಕಪಾಟಿನ ಹಿಂದೆ, ಕೆಲವು ಪುಸ್ತಕದ ಕಪಾಟಿನ ಹಿಂದೆ. ಹುಡುಕಿ ಆರಿಸಲು 20 ನಿಮಿಷ ಹಿಡಿಯಿತು ಎಂದು ಅವರೇ ಬರೆದುಕೊಂಡಿದ್ದಾರೆ. ಕಣಗಳ ಜಾಡು ಹಿಡಿಯುತ್ತಿದ್ದ ಮನುಷ್ಯ ಅಲ್ಲಿಂದ ಮುಂದೆ ಕಟ್ಟಡಗಳಲ್ಲಿ ಶಕ್ತಿ ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಟ್ಯೂಬ್‌ಲೈಟಿಗೆ ಎಲೆಕ್ಟ್ರಾನಿಕ್ ಚೋಕ್ ಬಂತಲ್ಲ, ಗುಂಯ್ ಎನ್ನದ, ಬಿಸಿಯಾಗದ ಚೋಕ್, ಅದನ್ನು ಮಾರುಕಟ್ಟೆಗೆ ತರುವುದರಲ್ಲಿ ಆ ಗುಂಪಿನ ಕೈ ದೊಡ್ಡದು.

ಅದೇ ತಿಂಗಳು ಅದೇ ಪ್ರಯೋಗಾಲಯಕ್ಕೆ ನಿರ್ದೇಶಕರಾಗಿ ಬಂದವರು ಆಂಡ್ರ್ಯೂ ಸೆಸ್ಲರ್. ಕಣಗಳಿಗೆ ವೇಗ ಕೊಡುವ ಯಂತ್ರಗಳ ಸಿದ್ಧಾಂತ ಅವರ ವಿಷಯ. ಬಂದವರೇ ಶಕ್ತಿ ಮತ್ತು ಪರಿಸರಕ್ಕೆಂದು ಪ್ರತ್ಯೇಕ ವಿಭಾಗ ತೆರೆದರು. ಕೆಳಗಿನವನೊಬ್ಬ ಹುಚ್ಚು ಹಿಡಿಸಿಕೊಂಡರೆ ಸಾಲದು, ಅದಕ್ಕೆ ಕೋಣೆ, ಸಂಬಳ, ಹೆಸರು ಕೊಡುವ ಮೇಲಿನವನೊಬ್ಬ ಬೇಕು. ಎರಡೂ ಒಂದೇ ಸಮಯಕ್ಕೆ ಕೂಡಿಬಂದ ಜಾಗಗಳನ್ನು ಎಣಿಸಲು ಕೈಬೆರಳು ಸಾಕು.

ನಮ್ಮ ಕಡೆಯವರು ಯಾರೂ ಇಲ್ಲವೇ?

ಇದ್ದಾರೆ. ನಿಜ ಹೇಳಬೇಕೆಂದರೆ ಈ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾದಿರುತ್ತೇನೆ.

ಅಮೂಲ್ಯ ಕುಮಾರ್ ಎನ್. ರೆಡ್ಡಿ ಬೆಂಗಳೂರಿನಲ್ಲಿ 1930ರಲ್ಲಿ ಹುಟ್ಟಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ವಿದ್ಯುದ್ರಸಾಯನದಲ್ಲಿ ಪಿಎಚ್‌ಡಿ ಮಾಡಿದರು. ಅದೇ ವಿಷಯದ ವಿಜ್ಞಾನಿ ಬೊಕ್ರಿಸ್ ಜೊತೆ ಅವರು ಬರೆದ ಎರಡು ಸಂಪುಟಗಳ ಪಠ್ಯಪುಸ್ತಕ 1970ರಲ್ಲಿ ಬಂತು, ಜಗತ್ತಿನಾದ್ಯಂತ ಆ ವಿಷಯದ ಮಕ್ಕಳು ಅದನ್ನು ಓದಿದರು. ಇಷ್ಟಕ್ಕೆ ನಿಂತು ಸುಖವಾಗಿ ನಿವೃತ್ತರಾಗಬಹುದಿತ್ತು. ಆದರೆ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನ, ತಂತ್ರಜ್ಞಾನಗಳನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರ ಎಂಬ ಊರಿನಲ್ಲಿ ಅದರ ನೆಲೆ ಇತ್ತು. ಘಟ್ಟದ ಮೇಲೆ ನೆಂಟರಿರುವ ನಮ್ಮವರಿಗೆ ‘ಅಸ್ತ್ರ ಒಲೆ’ ಎಂಬ ಹೆಸರಾದರೂ ಗೊತ್ತಿರುತ್ತದೆ. ಮೂರು ಪಾತ್ರೆ ಇಡುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಮಣ್ಣಿನ ಒಲೆ. ಅದು ಹುಟ್ಟಿದ್ದು ಅಲ್ಲಿ.

ಆ ಗುಂಪಿನವರು ಪುರ ಎಂಬ ಸಣ್ಣ ಹಳ್ಳಿಗೆ ಹೋಗಿ, ಯಾವ ಮನೆಯವರು ಎಷ್ಟು ಸೌದೆ ಸುಡುತ್ತಾರೆ, ಅದನ್ನು ಹೊತ್ತು ತರಲು ಹೆಂಗಸರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದರು. ಅಷ್ಟರವರೆಗೆ ಶಕ್ತಿಯ ಲೆಕ್ಕವೆಂದರೆ ಕಲ್ಲಿದ್ದಲು, ಅಣೆಕಟ್ಟು, ಮೆಗಾವಾಟ್. ಹೆಂಗಸರ ಬೆನ್ನಿನ ಹೊರೆ ಯಾವ ಸರಕಾರದ ಕೋಷ್ಟಕದಲ್ಲೂ ಇರಲಿಲ್ಲ. ಪುರದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ, ಇರುವ ಸಗಣಿಯಿಂದ ಎಲ್ಲರ ಅಡುಗೆಗೆ ಗ್ಯಾಸ್ ಸಾಲದು ಎಂಬುದು ಗೊತ್ತಾಯಿತು. ಆಗ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ತಪ್ಪಾದ ಲೆಕ್ಕವನ್ನು ಒಪ್ಪಿಕೊಂಡು ದಾರಿ ಬದಲಿಸುವುದು ಪ್ರಯೋಗಾಲಯದಲ್ಲಿ ಕಷ್ಟವಲ್ಲ, ಊರಿನ ನಡುವೆ ಬಹಳ ಕಷ್ಟ.

ರೆಡ್ಡಿಯವರ ಮೂಲ ಮಾತು ಒಂದೇ. ಜನರಿಗೆ ಬೇಕಾದದ್ದು ಕಿಲೋವಾಟ್ ಅಲ್ಲ. ಬೆಂದ ಅನ್ನ, ಓದಲು ಬೆಳಕು, ಅಂಗಳಕ್ಕೆ ಬಂದ ನೀರು. ಆದ್ದರಿಂದ ಎಷ್ಟು ವಿದ್ಯುತ್ ಉತ್ಪಾದಿಸಬೇಕು ಎಂದು ಕೇಳುವ ಮೊದಲು, ಅದು ಯಾವ ಕೆಲಸಕ್ಕೆ ಎಂದು ಕೇಳಿ. ಕರ್ನಾಟಕದ ಮುಂದಿನ ವಿದ್ಯುತ್ ಬೇಡಿಕೆಯನ್ನು ಈ ಕ್ರಮದಲ್ಲಿ ಲೆಕ್ಕ ಹಾಕಿ, ಸರಕಾರಿ ಯೋಜನೆಯ ಅಂದಾಜು ಬಹಳ ಉಬ್ಬಿದೆ ಎಂದು ತೋರಿಸಿದರು. ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್ ಇವರೊಡನೆ ಸೇರಿ ಇದೇ ಯೋಚನೆಯನ್ನು ಜಗತ್ತಿಗೆಲ್ಲ ಅನ್ವಯಿಸಿ ಬರೆದ ಪುಸ್ತಕ 1988ರಲ್ಲಿ ಬಂತು. ನಾಲ್ವರಿಗೂ 2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿ ಸಿಕ್ಕಿತು. ವಿದ್ಯುದ್ರಸಾಯನ ಓದಿದವನಿಗೆ ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಎಂದು ಜಮಾ ಖರ್ಚು ಕೂಡಿಸದೆ ನಿದ್ದೆ ಬರುವುದಿಲ್ಲ. ಅವರ ಹಳ್ಳಿ ಲೆಕ್ಕದಲ್ಲಿ ನನಗೆ ಆ ಅಭ್ಯಾಸವೇ ಕಾಣುತ್ತದೆ.

ಅದೇ ಸಂಸ್ಥೆಯ ಇನ್ನೊಂದು ಮೂಲೆಯಲ್ಲಿ ಎಚ್.ಎಸ್. ಮುಕುಂದ ಇದ್ದರು. ಏರೋಸ್ಪೇಸ್ ವಿಭಾಗ; ರಾಕೆಟ್ಟಿನ ದಹನ ಅವರ ವಿಷಯ. ಆ ವಿದ್ಯೆಯನ್ನು ಅವರು ಸೌದೆ ಚೂರುಗಳಿಂದ ಉರಿಯುವ ಅನಿಲ ತೆಗೆಯುವ ಗ್ಯಾಸಿಫೈಯರಿಗೆ ತಂದರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಆ ಅನಿಲದಿಂದ ವಿದ್ಯುತ್ ಬಂತು. ರಾಕೆಟ್ ಎಲ್ಲಿ, ಸೌದೆ ಚೂರು ಎಲ್ಲಿ ಎನ್ನಬೇಡಿ. ಇಂಧನಕ್ಕೆ ಗಾಳಿ ಎಷ್ಟು ಸೇರಬೇಕು, ಯಾವ ಉಷ್ಣತೆಯಲ್ಲಿ ಸೇರಬೇಕು ಎಂಬ ಪ್ರಶ್ನೆ ಎರಡರಲ್ಲೂ ಒಂದೇ. ನಮ್ಮ ಬಚ್ಚಲೊಲೆಗೆ ಒದ್ದೆ ಕೊತ್ತಳಿಗೆ ತುರುಕಿ ಊದುತ್ತಾ ಕುಳಿತವರಿಗೆ ಇದು ಬೇಗ ಅರ್ಥವಾಗಬೇಕು.

ಮುಖ್ಯಸ್ಥರು ಬದಲಾದರೆ ಪ್ರಯೋಗಾಲಯದ ಕೆಲಸವೂ ಬದಲಾಗುತ್ತದೆಯೇ?

ಒಮ್ಮೆಲೇ ಅಲ್ಲ, ಆದರೆ ವಾಲುತ್ತದೆ. ಬರ್ಕ್ಲಿಯನ್ನೇ ನೋಡಿ. 1931ರಲ್ಲಿ ಅದನ್ನು ಕಟ್ಟಿದ ಅರ್ನೆಸ್ಟ್ ಲಾರೆನ್ಸ್ ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನ್ ಯಂತ್ರದ ಮನುಷ್ಯ, 1939ರ ನೊಬೆಲ್ ಅದಕ್ಕೇ. ನಂತರ ಬಂದ ಮೆಕ್‌ಮಿಲನ್ ಯುರೇನಿಯಂಗಿಂತ ಭಾರವಾದ ಮೊದಲ ಮೂಲವಸ್ತುವನ್ನು ಕಂಡವರು. ಸೆಸ್ಲರ್ ಶಕ್ತಿಯ ಕಡೆಗೆ ಕಿಟಕಿ ತೆರೆದರು. 2004ರಲ್ಲಿ ಬಂದ ಸ್ಟೀವನ್ ಚು ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣ್ಣಗಾಗಿಸಿ 1997ರಲ್ಲಿ ನೊಬೆಲ್ ಪಡೆದಿದ್ದರು. ಅವರು ಬಿಸಿಲಿನಿಂದ ನೇರವಾಗಿ ಇಂಧನ ತಯಾರಿಸುವ ಸಂಶೋಧನೆಗೆ ಒತ್ತು ಕೊಟ್ಟರು, 2009ರಲ್ಲಿ ಅಮೆರಿಕದ ಶಕ್ತಿ ಸಚಿವರೇ ಆದರು. ಅವರ ಹಿಂದೆ ಬಂದ ಪಾಲ್ ಅಲಿವಿಸಾಟೋಸ್ ನ್ಯಾನೋ ಹರಳುಗಳ ರಸಾಯನ ವಿಜ್ಞಾನಿ. 2016ರಲ್ಲಿ ಮೈಕೆಲ್ ವಿದರೆಲ್ ಬಂದಾಗ ಕುರ್ಚಿ ಮತ್ತೆ ಕಣಭೌತವಿಜ್ಞಾನಿಯ ಕೈ ಸೇರಿತು.

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪ್ಲಾಸ್ಮಾ ಪ್ರಯೋಗಾಲಯದ ಹುಟ್ಟು ಇನ್ನೂ ಸೊಗಸು. ಲೈಮನ್ ಸ್ಪಿಟ್ಜರ್ ಖಭೌತವಿಜ್ಞಾನಿ, ಅಂದರೆ ನಕ್ಷತ್ರಗಳ ಭೌತಶಾಸ್ತ್ರದವರು; ಬಾಹ್ಯಾಕಾಶದಲ್ಲಿ ದೂರದರ್ಶಕ ಇಡಬೇಕೆಂದು 1946ರಲ್ಲೇ ಬರೆದವರು. 1951ರಲ್ಲಿ ಹಿಮದ ಮೇಲೆ ಜಾರುವ ರಜೆಗೆ ಹೋಗಿದ್ದಾಗ, ಪ್ಲಾಸ್ಮಾ ಎನ್ನುವ, ಸೂರ್ಯನೊಳಗಿನಂಥ ಬಿಸಿ ಅನಿಲವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರದ ಕಲ್ಪನೆ ಅವರಿಗೆ ಬಂತು. ಆ ವರ್ಷವೇ ಪ್ರಯೋಗಾಲಯ ಶುರುವಾಯಿತು. ಯಾವ ಪಾತ್ರೆಯ ಗೋಡೆಯೂ ತಡೆಯದ ಬಿಸಿಯನ್ನು ನಕ್ಷತ್ರ ಹೇಗೆ ಹಿಡಿದಿಟ್ಟಿದೆ ಎಂದು ದಿನವೂ ಯೋಚಿಸುವವನಿಗಲ್ಲದೆ ಇನ್ನಾರಿಗೆ ಇದು ಹೊಳೆಯಬೇಕು?

ಇದಕ್ಕೆ ತೀರ ಬೇರೆಯ ಉದಾಹರಣೆ ಆಸ್ಟ್ರೇಲಿಯದ ಮಾರ್ಟಿನ್ ಗ್ರೀನ್. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ 1974ರಿಂದ ಒಂದೇ ಜಾಗದಲ್ಲಿ, ಸಿಲಿಕಾನ್ ಸೌರಕೋಶ ಎಂಬ ಒಂದೇ ವಸ್ತುವಿನ ಮೇಲೆ ಕೂತವರು. ಎಲೆಕ್ಟ್ರಿಕಲ್ ಎಂಜಿನಿಯರ್. ಅವರ ಗುಂಪು 1985ರಲ್ಲಿ ಶೇಕಡಾ 20ರ ದಕ್ಷತೆಯನ್ನು ಮುಟ್ಟಿತು. ಅವರ ಶಿಷ್ಯ ಶಿ ಝೆಂಗ್‌ರೋಂಗ್ 2001ರಲ್ಲಿ ಚೀನಾದಲ್ಲಿ ಸನ್‌ಟೆಕ್ ಕಂಪನಿ ಆರಂಭಿಸಿದರು, ಫಲಕಗಳ ಬೆಲೆ ಇಳಿದದ್ದರಲ್ಲಿ ಆ ಗುರುಕುಲದ ಪಾಲು ಸಣ್ಣದಲ್ಲ. ಹತ್ತು ಕಡೆ ಬಾವಿ ತೋಡುವವರೂ ಮುಖ್ಯಸ್ಥರಾಗುತ್ತಾರೆ, ನೀರಿಗಾಗಿ ಗುಡ್ಡದೊಳಕ್ಕೆ ಒಂದೇ ಸುರಂಗವನ್ನು ಐವತ್ತು ವರ್ಷ ಕೊರೆಯುವವರೂ ಆಗುತ್ತಾರೆ. ಸುರಂಗದ ನೀರು ಕುಡಿದು ಬೆಳೆದ ಊರಿನವನಾದ್ದರಿಂದ ನನಗೆ ಎರಡನೆಯವರ ಮೇಲೆ ಸ್ವಲ್ಪ ಪಕ್ಷಪಾತ.

ಮುಖ್ಯಸ್ಥರಾಗಲು ನೊಬೆಲ್ ಬೇಕೇ?

ಬೇಡ. ಮೇಲಿನ ಹೆಸರುಗಳಲ್ಲಿ ಹೆಚ್ಚಿನವರಿಗೆ ಅದು ಬಂದಿಲ್ಲ. ವಿಶ್ವವಿದ್ಯಾನಿಲಯದೊಳಗಾದರೆ ಪಿಎಚ್‌ಡಿ ಮಾತ್ರ ಬೇಕೇ ಬೇಕು.

ವಿಜ್ಞಾನ ಓದದವರು ಯಾರಾದರೂ ನಡೆಸಿದ್ದಾರೆಯೇ?

ವಿಶ್ವವಿದ್ಯಾನಿಲಯದೊಳಗೆ ಅಪರೂಪ. ಹೊರಗೆ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕ ಸರಕಾರ 1977ರಲ್ಲಿ ಕೊಲರಾಡೊದಲ್ಲಿ ಸೌರಶಕ್ತಿ ಸಂಶೋಧನಾ ಸಂಸ್ಥೆಯನ್ನು ತೆರೆಯಿತು. ಮೊದಲ ನಿರ್ದೇಶಕ ಪಾಲ್ ರ‍್ಯಾಪಪೋರ್ಟ್ ಆರ್‌ಸಿಎ ಕಂಪನಿಯ ಪ್ರಯೋಗಾಲಯದಿಂದ ಬಂದ ವಿಜ್ಞಾನಿ. 1979ರಲ್ಲಿ ಬಂದ ಡೆನಿಸ್ ಹೇಯ್ಸ್ ಇತಿಹಾಸದ ಪದವೀಧರ, 1970ರ ಮೊದಲ ಭೂದಿನವನ್ನು ದೇಶದುದ್ದಕ್ಕೂ ಸಂಘಟಿಸಿದ ತರುಣ. ಜನರನ್ನು ಸೇರಿಸುವುದು ಅವರಿಗೆ ಗೊತ್ತಿತ್ತು. ಆದರೆ ರೇಗನ್ ಸರಕಾರ ಬಂದ 1981ರಲ್ಲಿ ಸಂಸ್ಥೆಯ ಹಣ ಕತ್ತರಿಸಲ್ಪಟ್ಟಿತು, ಅವರ ಹುದ್ದೆಯೂ ಹೋಯಿತು. ಆ ಸಂಸ್ಥೆಗೆ ರಾಷ್ಟ್ರೀಯ ಪ್ರಯೋಗಾಲಯದ ದರ್ಜೆ ಸಿಕ್ಕಿದ್ದು 1991ರಲ್ಲಿ. ಕುರ್ಚಿ ವಿಜ್ಞಾನಿಯದಾದರೂ ಹಣದ ಗಂಟು ರಾಜಧಾನಿಯಲ್ಲಿ ಇರುತ್ತದೆ. ಓದಿಗೆ ಮಂಗಳೂರು, ಕಡತಕ್ಕೆ ತಿರುವನಂತಪುರ ಎಂದು ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳಿಗೆ ಆ ಕುರ್ಚಿ ಸಿಗುತ್ತದೆಯೇ?

ಕೇಳಿದ್ದು ಬದಿಯಡ್ಕ ಕಡೆಯ ಒಬ್ಬ ತಾಯಿ, ಮಗಳು ಪಕ್ಕದಲ್ಲೇ ಕೂತಿದ್ದಳು. ಸಿಗುತ್ತದೆ, ಆದರೆ ತಡವಾಗಿ ಸಿಗಲು ಶುರುವಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಶಾಖೆಯಾಗಿ 1952ರಲ್ಲಿ ಹುಟ್ಟಿದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಕಿಂಬರ್ಲಿ ಬುಡಿಲ್ 2021ರಲ್ಲಿ ನಿರ್ದೇಶಕಿಯಾದರು. ಅಲ್ಲಿಯೇ ಲೇಸರ್ ಪ್ರಯೋಗ ಮಾಡುತ್ತಾ ಪಿಎಚ್‌ಡಿ ಮುಗಿಸಿದ್ದವರು. ಮರುವರ್ಷ ಡಿಸೆಂಬರ್ 5ರಂದು ಅದೇ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಲೇಸರ್ ಬೆಳಕು ಬಿದ್ದ ಸಣ್ಣ ಗುಳಿಗೆಯಿಂದ 3.15 ಮೆಗಾಜೂಲ್ ಸಮ್ಮಿಳನ ಶಕ್ತಿ (ಪರಮಾಣು ಬೀಜಗಳು ಬೆಸೆದಾಗ ಬರುವ ಶಕ್ತಿ) ಹೊರಬಂತು. ಲೇಸರ್ ಯಂತ್ರ ಗೋಡೆಯ ಪ್ಲಗ್ಗಿನಿಂದ ಎಳೆದುಕೊಂಡ ವಿದ್ಯುತ್ ಅದಕ್ಕಿಂತ ಬಹಳ ಹೆಚ್ಚು. ಪತ್ರಿಕೆಗಳ ತಲೆಬರಹದಲ್ಲಿ ಆ ಮಾತು ಬರಲಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ ಶಕ್ತಿ ಸಂಶೋಧನೆಯನ್ನು ಮುನ್ನಡೆಸಿದ ಸ್ಯಾಲಿ ಬೆನ್ಸನ್ ನೆಲದಡಿಯ ನೀರಿನ ಹರಿವನ್ನು ಅಭ್ಯಾಸ ಮಾಡಿದವರು. ಇಂಗಾಲದ ಡೈಆಕ್ಸೈಡನ್ನು ಬಂಡೆಗಳೊಳಗೆ ಹೂತಿಡುವ ಸಂಶೋಧನೆಗೆ ಆ ಓದು ಒದಗಿತು. ಇಷ್ಟು ಹೇಳುವಾಗ ತಾಯಿ ತಲೆಯಾಡಿಸುತ್ತಿದ್ದರು. ಮಗಳು ಮಾತ್ರ, ‘ಗುಳಿಗೆ ಎಷ್ಟು ದೊಡ್ಡದಿರುತ್ತದೆ?’ ಎಂದು ಕೇಳಿದಳು. ಕಾಳುಮೆಣಸಿನಷ್ಟು.

ಕಂಪನಿಯಿಂದ ಬಂದವರನ್ನು, ಕಂಪನಿಯ ಹಣ ಪಡೆದವರನ್ನು ನಂಬಬಹುದೇ?

ಬಂದ ಜಾಗಕ್ಕಿಂತ ಬಂದ ಮೇಲೆ ಮಾಡಿದ್ದನ್ನು ನೋಡಿ. ಜರ್ಮನಿಯ ಫ್ರೈಬರ್ಗಿನಲ್ಲಿ 1981ರಲ್ಲಿ ಸೌರಶಕ್ತಿ ಸಂಸ್ಥೆ ಕಟ್ಟಿದ ಅಡಾಲ್ಫ್ ಗೋಟ್ಜ್‌ಬರ್ಗರ್ ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲೊಬ್ಬರಾದ ಶಾಕ್ಲಿಯ ಕಂಪನಿಯಲ್ಲಿಯೂ ಬೆಲ್ ಪ್ರಯೋಗಾಲಯದಲ್ಲಿಯೂ ದುಡಿದವರು. ಅದನ್ನು ಪೂರ್ತಿ ವಿಶ್ವವಿದ್ಯಾನಿಲಯದ್ದು ಎನ್ನಲಾಗದು, ಆದರೂ ಅವರನ್ನು ಬಿಡಲು ಮನಸ್ಸಿಲ್ಲ. ಸೌರ ಫಲಕಗಳನ್ನು ಎತ್ತರದಲ್ಲಿ, ನಡುವೆ ಜಾಗ ಬಿಟ್ಟು ನಿಲ್ಲಿಸಿದರೆ ಅವುಗಳ ಕೆಳಗೆ ಆಲೂಗಡ್ಡೆ ಬೆಳೆಯಬಹುದು ಎಂದು 1980ರ ದಶಕದ ಆರಂಭದಲ್ಲೇ ಬರೆದವರು ಅವರು. ಮನುಷ್ಯರು ನಗಾಡಿರಬೇಕು, ಇಂದು ಅದಕ್ಕೆ ಜಗತ್ತಿನಾದ್ಯಂತ ತೋಟಗಳಿವೆ.

ಹಣದ ಮಾತು ಬೇರೆ. ಬಿಪಿ ಎಂಬ ತೈಲ ಕಂಪನಿ 2007ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯ, ಅದರ ಪ್ರಯೋಗಾಲಯ ಮತ್ತು ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಜೈವಿಕ ಇಂಧನದ ಸಂಶೋಧನೆಗಾಗಿ ಹತ್ತು ವರ್ಷಗಳಲ್ಲಿ 50 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. ಅಲ್ಲಿನ ಅಧ್ಯಾಪಕರೇ ಕೆಲವರು ವಿರೋಧಿಸಿದರು. ಹಣ ಬಂದಾಗ ಪ್ರಶ್ನೆ ಯಾರದು, ಉತ್ತರ ಯಾರಿಗೆ ಸೇರುತ್ತದೆ ಎಂದು ಕೇಳುವುದು ಅವಿಧೇಯತೆಯಲ್ಲ.

ಪೈವಳಿಕೆಯ ಸೋಲಾರ್ ಕೂಡ ಪ್ರಯೋಗಾಲಯವೇ? ಅದರ ಮುಖ್ಯಸ್ಥರು ಯಾರು?

ಅಲ್ಲ, ಅದು ವಿದ್ಯುತ್ ಸ್ಥಾವರ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಹರಡಿರುವ 50 ಮೆಗಾವಾಟ್ ಘಟಕ, 2021ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವ ತಂತ್ರವನ್ನು ಕೆಡದಂತೆ ನಡೆಸುವ ಹೊಣೆ. ಪ್ರಯೋಗಾಲಯದಲ್ಲಿ ಗೊತ್ತಿಲ್ಲದ್ದನ್ನು ಕೆಡಿಸಿ ಕೆಡಿಸಿ ಕಲಿಯುವ ಹೊಣೆ. ಎರಡರ ಮುಖ್ಯಸ್ಥರ ಸ್ವಭಾವವೂ ಬೇರೆ ಇರಬೇಕಾಗುತ್ತದೆ.

ಮುಖ್ಯಸ್ಥರ ಪರಿಚಯ ಪುಟವನ್ನು ಹೇಗೆ ಓದಬೇಕು?

ಮದುವೆಗೆ ಬಂದ ಜಾತಕ ಓದಿದ ಹಾಗೆ ಓದಬೇಡಿ. ಪ್ರಶಸ್ತಿಗಳ ಪಟ್ಟಿಯನ್ನು ದಾಟಿ ಕೆಳಗೆ ಹೋಗಿ. ಪಿಎಚ್‌ಡಿ ಯಾವ ವಿಷಯದಲ್ಲಿ ಎಂಬುದನ್ನು ಮೊದಲು ನೋಡಿ, ಏಕೆಂದರೆ ಮನುಷ್ಯ ಎಷ್ಟೇ ದೂರ ಹೋದರೂ ಮೊದಲು ಕಲಿತ ಅಳತೆಗೋಲಿನಿಂದಲೇ ಅಳೆಯುತ್ತಾನೆ. ಅಲ್ಲಿಂದ ಈಗಿನ ವಿಷಯಕ್ಕೆ ತಿರುಗಿದ್ದು ಯಾವ ವರ್ಷ ಎಂದು ಹುಡುಕಿ. 1974ರ ಸುಮಾರಿಗೆ ತಿರುಗಿದವರದು ಒಂದು ಕಥೆ. ಸೋಲಾರಿಗೆ ಸರಕಾರದ ಹಣ ಧಾರಾಳವಾದ ಮೇಲೆ ತಿರುಗಿದವರದು ಇನ್ನೊಂದಿರಬಹುದು. ಎರಡನೆಯವರೆಲ್ಲ ಹಣದಾಸೆಯವರು ಎಂದಲ್ಲ. ಪ್ರಯೋಗಾಲಯ ನಡೆಯುವುದು ಹಣದಿಂದಲೇ.

ಹುದ್ದೆಯ ಹೆಸರುಗಳಲ್ಲಿ ಮೋಸಹೋಗಬೇಡಿ. ವಿಭಾಗದ ಮುಖ್ಯಸ್ಥರು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೆಲವು ವರ್ಷಗಳ ಸರದಿಯಲ್ಲಿ ಬದಲಾಗುವವರು. ಸಂಶೋಧನೆಯ ನಿಜವಾದ ಚುಕ್ಕಾಣಿ ‘ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್’ ಎಂದು ಬರೆದಿರುವವರ ಕೈಯಲ್ಲಿ, ಅಂದರೆ ಯೋಜನೆಗೆ ಅರ್ಜಿ ಹಾಕಿ ಹಣ ತಂದವರ ಕೈಯಲ್ಲಿ. ಪಿಎಚ್‌ಡಿಗೆ ಸೇರುವವರು ಗೋಡೆಯ ಮೇಲಿನ ದೊಡ್ಡ ಫೋಟೋ ನೋಡದೆ ಆ ಹೆಸರನ್ನು ಹುಡುಕಬೇಕು. ಜೊತೆಗೆ, ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂಬ ಪಟ್ಟಿ ಇದ್ದರೆ ಅದೇ ಆ ಪುಟದ ಅತ್ಯಂತ ಪ್ರಾಮಾಣಿಕ ಭಾಗ.

ನಾನು ಇನ್ನೊಂದನ್ನೂ ನೋಡುತ್ತೇನೆ: ಪ್ರಯೋಗಾಲಯದ ಹೊರಗೆ ಏನಾದರೂ ನಡೆಸಿ ನೋಡಿದ್ದಾರೆಯೇ? ಇದು ನನ್ನ ಸ್ವಂತ ಹುಣ್ಣು. ನಮ್ಮ ಮನೆಯ ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ತೂತಾದಾಗ, ಹಾಕಿಸಿಕೊಟ್ಟ ಕಚೇರಿಯವರು ಮೂರು ಮಳೆಗಾಲ ‘ಬರುತ್ತೇವೆ’ ಎಂದರು. ಬರಲಿಲ್ಲ. ಕೊನೆಗೆ ಊರಿನ ವೆಲ್ಡಿಂಗ್ ಅಂಗಡಿಯವನು ತೇಪೆ ಹಾಕಿದ. ತೂತಾದ ಡ್ರಮ್ಮನ್ನು ಒಮ್ಮೆಯೂ ಕಾಣದವರು ಬರೆದ ದಕ್ಷತೆಯ ಅಂಕಿಗಳನ್ನು ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

‘ಇಂಧನ’ ಸರಿಯೋ ‘ಶಕ್ತಿ’ ಸರಿಯೋ?

ಇಂಧನವೆಂದರೆ ಉರಿಸುವ ವಸ್ತು: ಸೌದೆ, ಸೀಮೆಎಣ್ಣೆ. ಬಿಸಿಲನ್ನು ಇಂಧನ ಎನ್ನಲು ನಾಲಿಗೆ ಒಪ್ಪುವುದಿಲ್ಲ. ಆದರೂ ಕರ್ನಾಟಕದಲ್ಲಿ ಇಲಾಖೆಯ ಹೆಸರೇ ಇಂಧನ ಇಲಾಖೆ. ನಮ್ಮ ಪಠ್ಯದಲ್ಲಿ ಶಕ್ತಿ, ಮಲಯಾಳದ ಫಲಕದಲ್ಲಿ ಊರ್ಜ. ಏಳು ಭಾಷೆಯ ನಾಡು ಎಂದು ಹೊಗಳಿಸಿಕೊಳ್ಳುವ ನಮ್ಮ ಮಕ್ಕಳು ಹುಡುಕುವಾಗ ಮೂರೂ ಪದ ಹಾಕಿ ಹುಡುಕಲಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೆಲ್ಲ ಎಟುಕುತ್ತದೆಯೇ? ಎಲ್ಲಿ ಸೇರಬೇಕು?

ಹತ್ತನೆಯವರೆಗೆ ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ ಎಂದು ಕಲಿತವರಿಗೆ ಪ್ಲಸ್ ಟು ತರಗತಿಯಲ್ಲಿ ಆರು ತಿಂಗಳು ಕಿವಿ ಮುಚ್ಚಿದ ಹಾಗಾಗುತ್ತದೆ. ನಂತರ ತೆರೆಯುತ್ತದೆ. ಸೂತ್ರ ಅರ್ಥವಾದವರಿಗೆ ಹೆಸರು ಬದಲಾದರೆ ತೊಂದರೆಯಿಲ್ಲ, ಹೆಸರನ್ನು ಉರುಹೊಡೆದವರಿಗೆ ಮಾತ್ರ ತೊಂದರೆ.

ದಾರಿಗಳು ಹೇಳುತ್ತೇನೆ, ಆಯ್ಕೆ ನಿಮ್ಮದು. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವಲ್ಲದೆ ವಸ್ತುವಿಜ್ಞಾನವೂ ಇದೆ, ಬ್ಯಾಟರಿ ಎಂದರೆ ಮುಕ್ಕಾಲು ಪಾಲು ವಸ್ತುವಿಜ್ಞಾನ. ಎಂಜಿನಿಯರಿಂಗ್ ಬೇಕಾದವರಿಗೆ ಸುರತ್ಕಲ್ಲಿನ ಎನ್‌ಐಟಿ, ಕೇರಳದ ಪ್ರವೇಶ ಪರೀಕ್ಷೆ ಬರೆದರೆ ಪೊವ್ವಲಿನ ಎಲ್‌ಬಿಎಸ್ ಕಾಲೇಜು. ಬಿಎಸ್ಸಿ ಮುಗಿಸಿ ಜ್ಯಾಮ್ ಪರೀಕ್ಷೆ ಬರೆದರೆ ಐಐಟಿಗಳ ಎಂಎಸ್ಸಿ. ಸಂಶೋಧನೆಗೆ ಗೇಟ್ ಅಥವಾ ನೆಟ್. ಪದವಿಯ ಹೆಸರಿನಲ್ಲಿ ‘ಎನರ್ಜಿ’ ಎಂಬ ಪದ ಇರಲೇಬೇಕೆಂದು ಹಟ ಹಿಡಿದು, ದುಡ್ಡು ಸುರಿದು, ಎಲ್ಲೋ ದೂರದ ಖಾಸಗಿ ಕಾಲೇಜಿಗೆ ಹೋಗುವವರನ್ನು ಕಂಡಾಗ ಬೇಸರವಾಗುತ್ತದೆ.

ಪ್ರಯೋಗಾಲಯದ ಮುಖ್ಯಸ್ಥರಿಗೆ ನಾವು ಪತ್ರ ಬರೆಯಬಹುದೇ? ಉತ್ತರ ಬರುತ್ತದೆಯೇ?

ಬರೆಯಿರಿ. ‘ನನಗೆ ತಮ್ಮ ಪ್ರಯೋಗಾಲಯದಲ್ಲಿ ಅವಕಾಶ ಕೊಡಿ’ ಎಂದು ಬರೆದರೆ ಉತ್ತರ ಬರುವುದು ಕಡಿಮೆ. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ಅರ್ಥವಾಗದ ಒಂದು ಸಾಲನ್ನು ಹಿಡಿದು ಕೇಳಿದರೆ ಬರುವ ಸಾಧ್ಯತೆ ಹೆಚ್ಚು.

ತೆಂಗಿನ ಗೆರಟೆಯ ಕರಿಯನ್ನು ಹದ ಮಾಡಿದರೆ ಸೂಪರ್‌ಕೆಪಾಸಿಟರ್ ಎಂಬ ಶೇಖರಣಾ ಸಾಧನಕ್ಕೆ ಬಳಸಬಹುದು. ಅದರೊಳಗಿನ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ವಿದ್ಯುದಾವೇಶ ಕೂರುತ್ತದೆ. ಕುಂಬಳೆ ಕಡೆಯ ಬಿಎಸ್ಸಿ ಹುಡುಗನೊಬ್ಬ ಇದನ್ನು ಓದಿ, ಮನೆಯ ಗೆರಟೆಯನ್ನು ತಾನೂ ಸುಟ್ಟು ನೋಡಿದ್ದಾಗಿ ಒಬ್ಬ ಪ್ರಾಧ್ಯಾಪಕರಿಗೆ ಬರೆದ. ಹನ್ನೊಂದನೆಯ ದಿನ ಉತ್ತರ ಬಂತು. ಶುಭಾಶಯವಿಲ್ಲ, ಹೊಗಳಿಕೆಯಿಲ್ಲ, ಒಂದೇ ಸಾಲು: ‘ಎಷ್ಟು ಡಿಗ್ರಿಯಲ್ಲಿ ಸುಟ್ಟಿರಿ?’ ಅವನು ಸುಟ್ಟದ್ದು ಬಚ್ಚಲೊಲೆಯಲ್ಲಿ. ಆ ಬೆಂಕಿಯ ಉಷ್ಣತೆ ಅಳೆಯುವ ಸಾಧನ ಯಾರ ಬಳಿಯಾದರೂ ಇದೆಯೇ ಎಂದು ನಾವಿಬ್ಬರೂ ಈಗ ಊರೆಲ್ಲ ವಿಚಾರಿಸುತ್ತಿದ್ದೇವೆ.